ಅಜ್ಜಿಯ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ

1995ರಲ್ಲಿ ಅಕ್ಕಪಕ್ಕದ ಎರಡು ದೇಶಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ವಯಸ್ಸಾದವರ ಕೈಗೆ ತಿಂಗಳ ದುಡ್ಡು ಕೊಡಲು ಶುರು ಮಾಡಿದವು. ನೇಪಾಳ 75 ದಾಟಿದವರಿಗೆ, ಬಡವ ಬಲ್ಲಿದ ಎನ್ನದೆ, ತಿಂಗಳಿಗೆ 100 ನೇಪಾಳಿ ರೂಪಾಯಿ ಎಂದಿತು. ಭಾರತ ಆ ವರ್ಷದ ಆಗಸ್ಟ್ 15ರಿಂದ, 65 ದಾಟಿದ ನಿರ್ಗತಿಕರಿಗೆ 75 ರೂಪಾಯಿ ಎಂದಿತು. ನೇಪಾಳದ ಹಣ ನಮ್ಮ ರೂಪಾಯಿಗೆ 1.60ರ ದರದಲ್ಲಿ ಗಂಟು ಹಾಕಿಕೊಂಡಿದೆ. ಹಾಗಾಗಿ ಅವರ ನೂರು ನಮ್ಮ ಲೆಕ್ಕದಲ್ಲಿ 62 ರೂಪಾಯಿ 50 ಪೈಸೆ. ಆರಂಭದಲ್ಲಿ ನಾವೇ ಒಂದು ಕೈ ಮೇಲಿದ್ದೆವು.

ನೇಪಾಳದ ಮೊತ್ತ 2008ರಲ್ಲಿ 500 ಆಯಿತು, 2015ರಲ್ಲಿ ಸಾವಿರ, ಮರುವರ್ಷ ಎರಡು ಸಾವಿರ, 2019ರಲ್ಲಿ ಮೂರು ಸಾವಿರ, 2021ರಲ್ಲಿ ನಾಲ್ಕು ಸಾವಿರ. ವಯಸ್ಸಿನ ಮಿತಿಯೂ ಇಳಿಯುತ್ತಾ 68ಕ್ಕೆ ಬಂತು. ನಾಲ್ಕು ಸಾವಿರ ಅಂದರೆ ನಮ್ಮ 2,500 ರೂಪಾಯಿ. ಇತ್ತ ಭಾರತ ಸರ್ಕಾರದ ಪಾಲು 2006ರಲ್ಲಿ 200 ಆಯಿತು. 2011ರಲ್ಲಿ ವಯಸ್ಸಿನ ಮಿತಿ 60ಕ್ಕೆ ಇಳಿದು, 80 ದಾಟಿದವರಿಗೆ 500 ಎಂದಾಯಿತು. ಅಷ್ಟೇ. 60ರಿಂದ 79ರವರೆಗಿನವರಿಗೆ ಕೇಂದ್ರ ಕೊಡುವ ಆ 200 ಇವತ್ತಿಗೂ 200. ಈ ನಡುವೆ ಬೆಲೆಗಳು ಮೂರು ಪಟ್ಟಿಗಿಂತ ಹೆಚ್ಚು ಏರಿವೆ. ಅಂದಿನ ಇನ್ನೂರಕ್ಕೆ ಈಗ ಇರುವ ಬಲ ಅರವತ್ತು ರೂಪಾಯಿಯ ಆಸುಪಾಸು.

ಕರ್ನಾಟಕ ತನ್ನ ಬೊಕ್ಕಸದಿಂದ ಸೇರಿಸಿ 60ರಿಂದ 64ರವರಿಗೆ ವೃದ್ಧಾಪ್ಯ ವೇತನವೆಂದು 800, 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 1,200 ಕೊಡುತ್ತದೆ. ಈ ದರಗಳು ನಿಗದಿಯಾದದ್ದು 2021ರಲ್ಲಿ.

ಈಗ ಒಂದೇ ಬೀದಿಯ ಎರಡು ಮನೆ ನೋಡಿ. ಒಂದರಲ್ಲಿ ಹಳೆಯ ಪಿಂಚಣಿ ಪಡೆಯುವ ನಿವೃತ್ತ ಮೇಷ್ಟ್ರು. ಬೆಲೆ ಏರಿದಂತೆ ಅವರ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತದೆ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಎಷ್ಟು ಏರಿತೋ ಅದರ ಮೇಲೆ ಲೆಕ್ಕ. ಯಾರನ್ನೂ ಕೈಮುಗಿದು ಕೇಳಬೇಕಾಗಿಲ್ಲ. ಪಕ್ಕದ ಮನೆಯ ಅಜ್ಜಿಗೆ ಸಂಧ್ಯಾ ಸುರಕ್ಷಾ. ಅಕ್ಕಿ ಬೇಳೆ ತರುವುದು ಇಬ್ಬರೂ ಅದೇ ಅಂಗಡಿಯಿಂದ. ಅಜ್ಜಿಯ ಮೊತ್ತ ಏರಬೇಕಾದರೆ ಯಾವುದೋ ಬಜೆಟ್ಟಿನಲ್ಲಿ ಯಾರಿಗೋ ನೆನಪಾಗಬೇಕು.

ದೇಶಗಳನ್ನು ಹೋಲಿಸುವಾಗ ಹೆಚ್ಚಿನವರು ಮೊತ್ತದ ಪಟ್ಟಿ ಹಿಡಿದು ಕೂರುತ್ತಾರೆ: ಅಲ್ಲಿ ಇಷ್ಟು ಡಾಲರ್, ಇಲ್ಲಿ ಇಷ್ಟು ರೂಪಾಯಿ. ಅದರಿಂದ ಗೊತ್ತಾಗುವುದು ಕಡಿಮೆ. ಕೇಳಬೇಕಾದ್ದು ಎರಡು. ಹಕ್ಕು ಹುಟ್ಟುವುದು ಎಲ್ಲಿಂದ: ಕಟ್ಟಿದ ವಂತಿಗೆಯಿಂದಲೋ, ಆ ನೆಲದಲ್ಲಿ ಬದುಕಿದ ವರ್ಷಗಳಿಂದಲೋ, ಬಡತನದಿಂದಲೋ? ಮೊತ್ತ ಏರುವುದು ಯಾವ ನಿಯಮದಿಂದ? ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಹೊಡೆತ ಬೀಳುವುದು ಅಲ್ಲೇ.

ಅಮೆರಿಕದ 22 ಡಾಲರ್ 54 ಸೆಂಟ್

ಈ ಕಾಯಿಲೆ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ದುಡಿದವರಿಗೆ ಪಿಂಚಣಿ ಕೊಡುವ ಸೋಷಿಯಲ್ ಸೆಕ್ಯುರಿಟಿ ಕಾಯ್ದೆಗೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ್ದು 1935ರ ಆಗಸ್ಟ್ 14ರಂದು. ಮೊದಲ ಮಾಸಿಕ ಚೆಕ್ಕು 1940ರ ಜನವರಿ ಕೊನೆಯಲ್ಲಿ ವರ್ಮಾಂಟ್ ರಾಜ್ಯದ ಐಡಾ ಮೇ ಫುಲ್ಲರ್ ಎಂಬಾಕೆಗೆ ಹೋಯಿತು: 22 ಡಾಲರ್ 54 ಸೆಂಟ್. ಆಕೆ ಮೂರು ವರ್ಷದಲ್ಲಿ ಕಟ್ಟಿದ್ದ ವಂತಿಗೆ ಒಟ್ಟು 24 ಡಾಲರ್ 75 ಸೆಂಟ್. ನೂರು ವರ್ಷ ಬದುಕಿ ಪಡೆದದ್ದು 22,888 ಡಾಲರ್. ಎಲ್ಲರೂ ಹೇಳುವುದು ಈ ಲಾಭದ ಕತೆಯನ್ನು. ಹೇಳದೆ ಬಿಡುವ ಭಾಗ ಇನ್ನೊಂದಿದೆ: ಆ 22.54 ಹತ್ತು ವರ್ಷ ಒಂದು ಸೆಂಟೂ ಅಲುಗಲಿಲ್ಲ. ಯುದ್ಧ ಬಂತು, ಬೆಲೆಗಳು ಗಗನಕ್ಕೇರಿದವು, ಚೆಕ್ಕು ಮಾತ್ರ ಅದೇ. 1950ರಲ್ಲಿ ಸಂಸತ್ತು ಒಂದೇ ಸಲಕ್ಕೆ ಶೇ 77 ಏರಿಸಿತು.

ಅಲ್ಲಿಂದ ಮುಂದೆ ಚುನಾವಣೆ ಹತ್ತಿರ ಬಂದಾಗಲೆಲ್ಲ ಏರಿಸುವ ಚಾಳಿ ಬೆಳೆಯಿತು. ಕೊನೆಗೆ 1972ರಲ್ಲಿ ಕಾನೂನು ಮಾಡಿ, ಬೆಲೆ ಸೂಚ್ಯಂಕ ಏರಿದಷ್ಟು ಪಿಂಚಣಿಯೂ ತಾನಾಗಿ ಏರಬೇಕೆಂದರು, ಜಾರಿ 1975ರಿಂದ. ಆ ಸೂತ್ರದಲ್ಲೂ ಒಂದು ಎಡವಟ್ಟಾಯಿತು. ಮುಂದೆ ನಿವೃತ್ತರಾಗುವವರಿಗೆ ಸಂಬಳದ ಏರಿಕೆ ಒಮ್ಮೆ, ಬೆಲೆಯ ಏರಿಕೆ ಇನ್ನೊಮ್ಮೆ, ಹೀಗೆ ಎರಡೆರಡು ಸಲ ಲೆಕ್ಕಕ್ಕೆ ಬಂದು ಪಿಂಚಣಿ ಉಬ್ಬತೊಡಗಿತು. 1977ರಲ್ಲಿ ತಿದ್ದಿದರು. ತುಟ್ಟಿಭತ್ಯೆಯ ಸೂತ್ರ ಬರೆಯುವುದು ಕಾಣುವಷ್ಟು ಸುಲಭವಲ್ಲ.

ಈಗಿನ ಲೆಕ್ಕ ಹೀಗೆ. ನೌಕರನಿಂದ ಸಂಬಳದ ಶೇ 6.2, ಮಾಲೀಕನಿಂದ ಶೇ 6.2. ಹಕ್ಕು ಹುಟ್ಟಲು 40 ಕ್ರೆಡಿಟ್ ಬೇಕು. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. 2025ರಲ್ಲಿ 1,810 ಡಾಲರ್ ಗಳಿಕೆಗೆ ಒಂದು ಕ್ರೆಡಿಟ್, ಅಂದರೆ 7,240 ಡಾಲರ್ ಗಳಿಸಿದರೆ ಆ ವರ್ಷದ ನಾಲ್ಕೂ ಬಂದವು, ಗಳಿಸಿದ್ದು ಯಾವ ತಿಂಗಳಾದರೂ ಸರಿ. ಪಿಂಚಣಿ ಕಟ್ಟಲು ಹೆಚ್ಚು ಗಳಿಸಿದ 35 ವರ್ಷಗಳ ಸರಾಸರಿ ತೆಗೆಯುತ್ತಾರೆ. 2025ರಲ್ಲಿ 62 ತುಂಬಿದವರಿಗೆ ಆ ತಿಂಗಳ ಸರಾಸರಿಯ ಮೊದಲ 1,226 ಡಾಲರಿಗೆ ಶೇ 90, ಅಲ್ಲಿಂದ 7,391ರವರೆಗೆ ಶೇ 32, ಅದಕ್ಕೂ ಮೇಲಿನದಕ್ಕೆ ಶೇ 15. ಸರಾಸರಿ 4,000 ಇದ್ದವನಿಗೆ 1,991 ಡಾಲರ್, ಅರ್ಧ ಸಂಬಳ. 8,000 ಇದ್ದವನಿಗೆ 3,167, ಶೇ 40ರಷ್ಟು. ಕಡಿಮೆ ದುಡಿದವನಿಗೆ ಹೆಚ್ಚು ಪಾಲು ಸಿಗುವಂತೆ ಸೂತ್ರದೊಳಗೇ ಓರೆ ಇಟ್ಟಿದ್ದಾರೆ.

1960 ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ತಿ ಮೊತ್ತ ಸಿಗುವುದು 67ಕ್ಕೆ. 62ಕ್ಕೇ ತೆಗೆದುಕೊಂಡರೆ ಶೇ 30 ಕಡಿತ, ಅದೂ ಸಾಯುವವರೆಗೆ. 70ರವರೆಗೆ ಕಾದರೆ ಶೇ 24 ಹೆಚ್ಚು.

ಎಚ್-1ಬಿ ವೀಸಾದಲ್ಲಿ ಹೋದ ಕನ್ನಡಿಗರಿಗೆ ಈ ಸೂತ್ರ ನೇರವಾಗಿ ಮುಟ್ಟುತ್ತದೆ. ಭಾರತಕ್ಕೂ ಅಮೆರಿಕಕ್ಕೂ ಸಾಮಾಜಿಕ ಭದ್ರತೆಯ ಒಪ್ಪಂದ, ಅಂದರೆ ಎರಡು ದೇಶಗಳಲ್ಲಿ ವಂತಿಗೆ ಕಟ್ಟಿದ ವರ್ಷಗಳನ್ನು ಕೂಡಿ ಅರ್ಹತೆ ನೋಡುವ ಒಪ್ಪಂದ, ಇಲ್ಲ. ಹಾಗಾಗಿ 39 ಕ್ರೆಡಿಟ್ ಮಾಡಿಕೊಂಡು ಊರಿಗೆ ಮರಳಿದವರಿಗೆ ಸಿಗುವುದು ಸೊನ್ನೆ. ಕಟ್ಟಿದ್ದನ್ನು ವಾಪಸು ಕೊಡುವ ಪದ್ಧತಿಯೂ ಇಲ್ಲ. ಅದೇ ಹತ್ತು ವರ್ಷ ಪೂರೈಸಿದರೆ? ತಿಂಗಳಿಗೆ 10,000 ಡಾಲರ್ ಸಂಬಳದಲ್ಲಿ ಹತ್ತು ವರ್ಷ ದುಡಿದವರ 35 ವರ್ಷದ ಸರಾಸರಿ, ಉಳಿದ 25 ವರ್ಷಕ್ಕೆ ಸೊನ್ನೆ ಹಾಕಿದರೂ, 2,857 ಡಾಲರ್. ಮೇಲಿನ ದರದಲ್ಲಿ ಪಿಂಚಣಿ ಸುಮಾರು 1,625 ಡಾಲರ್. ಕೆಳಗಿನ ಹಂತದ ಶೇ 90ರ ಲಾಭ ಇವರಿಗೂ ಸಿಕ್ಕಿಬಿಡುತ್ತದೆ. ಒಂಬತ್ತೂವರೆ ವರ್ಷಕ್ಕೆ ಗಂಟುಮೂಟೆ ಕಟ್ಟುವ ಮುನ್ನ ಈ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಅಮೆರಿಕದ ಪೌರತ್ವವಿಲ್ಲದೆ ಊರಲ್ಲಿ ಕೂತು ಪಡೆಯುವವರಿಗೆ ಮೊತ್ತದ ಶೇ 85ರ ಮೇಲೆ ಶೇ 30 ತೆರಿಗೆ ಅಲ್ಲಿಯೇ ಹಿಡಿಯುತ್ತಾರೆ, ಅಂದರೆ ಕೈಗೆ ಬರುವ ಮುನ್ನ ಕಾಲು ಭಾಗ ಹೋಯಿತು. 65ಕ್ಕೆ ಸಿಗುವ ಮೆಡಿಕೇರ್ ಆರೋಗ್ಯ ವಿಮೆ ಬೆಂಗಳೂರಿನ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ.

ಜರ್ಮನಿಯ ಅಂಕಗಳು

ವಂತಿಗೆಯ ಪಿಂಚಣಿಗೆ ಮೂಲಪುರುಷ ಜರ್ಮನಿಯ ಅಂದಿನ ಚಾನ್ಸಲರ್ ಬಿಸ್ಮಾರ್ಕ್, 1889ರ ಕಾನೂನು. ಆಗ ಪಿಂಚಣಿಯ ವಯಸ್ಸು 70. 65ಕ್ಕೆ ಇಳಿಸಿದ್ದು 1916ರಲ್ಲಿ. ‘ಬಿಸ್ಮಾರ್ಕ್ 65 ಎಂದು ಗೊತ್ತುಮಾಡಿದ’ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ, ಅದು ತಪ್ಪು.

ಜರ್ಮನಿಯ ಲೆಕ್ಕದಷ್ಟು ಸರಳವಾದದ್ದು ಬೇರೆ ದೇಶದಲ್ಲಿ ಕಾಣೆ. ದೇಶದ ಸರಾಸರಿ ಸಂಬಳದಷ್ಟೇ ನೀವೂ ಒಂದು ವರ್ಷ ಗಳಿಸಿದರೆ ಒಂದು ಅಂಕ. ಅರ್ಧ ಗಳಿಸಿದರೆ ಅರ್ಧ ಅಂಕ. ಒಂದೂವರೆ ಪಟ್ಟು ಗಳಿಸಿದರೆ ಒಂದೂವರೆ. ನಿವೃತ್ತಿಯ ದಿನ ಅಂಕಗಳನ್ನು ಕೂಡಿ, ಆ ಹೊತ್ತಿನ ಅಂಕದ ಬೆಲೆಯಿಂದ ಗುಣಿಸಿದರೆ ತಿಂಗಳ ಪಿಂಚಣಿ. 2025ರ ಜುಲೈಯಿಂದ ಒಂದು ಅಂಕಕ್ಕೆ 40.79 ಯೂರೋ. 45 ವರ್ಷ ಸರಾಸರಿ ಸಂಬಳ ಪಡೆದವನಿಗೆ 1,835 ಯೂರೋ. ಮಗು ಹೆತ್ತು ಮನೆಯಲ್ಲಿದ್ದ ತಾಯಿಗೆ, 1992ರಿಂದೀಚೆಗೆ ಹುಟ್ಟಿದ ಪ್ರತಿ ಮಗುವಿಗೆ, ಮೂರು ವರ್ಷದ ಅಂಕ ಕೊಡುತ್ತಾರೆ. ಒಂದು ಮಗು ಅಂದರೆ ತಿಂಗಳಿಗೆ 122 ಯೂರೋ, ಬದುಕಿರುವವರೆಗೂ. ತೊಟ್ಟಿಲು ತೂಗಿದ್ದೂ ದುಡಿಮೆಯೇ ಎಂದು ಹಾಡಿ ಹೊಗಳುವುದು ಬೇರೆ, ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುವುದು ಬೇರೆ.

ಸೂತ್ರದ ಜೀವ ಇರುವುದು ‘ಅಂಕದ ಬೆಲೆ’ಯಲ್ಲಿ. ಪ್ರತಿ ಜುಲೈಯಲ್ಲಿ ಅದು ಸಂಬಳಗಳ ಜೊತೆಗೆ ಏರುತ್ತದೆ. ಹಾಗಾಗಿ 1990ರಲ್ಲಿ ಗಳಿಸಿದ ಅಂಕಕ್ಕೂ 2020ರಲ್ಲಿ ಗಳಿಸಿದ ಅಂಕಕ್ಕೂ ಇವತ್ತು ಒಂದೇ ಬೆಲೆ. ಹಣ ಎಲ್ಲಿಂದ? ಸಂಬಳದ ಶೇ 18.6, ನೌಕರ ಮಾಲೀಕ ಸಮಪಾಲು. ಅದನ್ನು ಕೂಡಿಡುವುದಿಲ್ಲ, ಈ ತಿಂಗಳು ದುಡಿಯುವವರಿಂದ ಬಂದದ್ದು ಈ ತಿಂಗಳೇ ಮುದುಕರ ಪಿಂಚಣಿಗೆ ಹೋಗುತ್ತದೆ, ಸಾಲದ್ದನ್ನು ಸರ್ಕಾರ ತೆರಿಗೆಯಿಂದ ತುಂಬುತ್ತದೆ. ದುಡಿಯುವವರು ಕಡಿಮೆಯಾಗಿ ಕೂತು ಉಣ್ಣುವವರು ಹೆಚ್ಚಾದಂತೆ ಒತ್ತಡ ಏರುವುದು ಇದರಿಂದಲೇ. ಅದಕ್ಕೇ 1964 ಮತ್ತು ಆಮೇಲೆ ಹುಟ್ಟಿದವರಿಗೆ ವಯಸ್ಸು 67 ಮಾಡಿದ್ದಾರೆ. ಸ್ವೀಡನ್ ಇದೇ ಒತ್ತಡಕ್ಕೆ ಸೂತ್ರದೊಳಗೇ ಬ್ರೇಕ್ ಇಟ್ಟಿತು: ಬರುವ ಹಣಕ್ಕಿಂತ ಕೊಡಬೇಕಾದ್ದು ಹೆಚ್ಚಾದರೆ ಪಿಂಚಣಿಯ ಏರಿಕೆ ತಾನಾಗಿ ಕುಗ್ಗುತ್ತದೆ. 2010ರಲ್ಲಿ ಬ್ರೇಕ್ ಬಿದ್ದು ಪಿಂಚಣಿ ನಿಜಕ್ಕೂ ಇಳಿಯಿತು. ಆ ವರ್ಷ ಚುನಾವಣೆ; ಸರ್ಕಾರ ಹಿರಿಯರ ತೆರಿಗೆ ತಗ್ಗಿಸಿ ಸಮಾಧಾನ ಮಾಡಿತು. ಯಂತ್ರ ಎಷ್ಟೇ ಪಕ್ಕಾ ಇದ್ದರೂ ಅದನ್ನು ನಡೆಸುವವರು ಮತ ಕೇಳಲು ಹೋಗಲೇಬೇಕಲ್ಲ.

ಜರ್ಮನಿಯ ಜೊತೆ ನಮಗೆ 2017ರ ಮೇ 1ರಿಂದ ಪೂರ್ಣ ಒಪ್ಪಂದವಿದೆ. ಅಲ್ಲಿ ಪಿಂಚಣಿಗೆ ಕನಿಷ್ಠ 5 ವರ್ಷ ವಂತಿಗೆ ಬೇಕು. ಅಲ್ಲಿ ಮೂರು ವರ್ಷ, ಇಲ್ಲಿ ಭವಿಷ್ಯ ನಿಧಿಯಲ್ಲಿ ನಾಲ್ಕು ವರ್ಷ ಇದ್ದರೆ ಎರಡನ್ನೂ ಕೂಡಿ ಅರ್ಹತೆ ನೋಡುತ್ತಾರೆ. ಹಣ ಮಾತ್ರ ಆಯಾ ದೇಶ ತನ್ನ ವರ್ಷಗಳಿಗಷ್ಟೇ ಕೊಡುತ್ತದೆ. ಕಂಪನಿಯೇ ಕೆಲ ಕಾಲಕ್ಕೆ ಕಳಿಸಿದ್ದಾದರೆ, ಹೊರಡುವ ಮುಂಚೆ ಇಲ್ಲಿನ ಭವಿಷ್ಯ ನಿಧಿ ಸಂಸ್ಥೆಯಾದ ಇಪಿಎಫ್‌ಒದಿಂದ, ಇಲ್ಲೇ ವಂತಿಗೆ ಕಟ್ಟುತ್ತಿದ್ದಾರೆ ಎಂಬ ವ್ಯಾಪ್ತಿ ಪ್ರಮಾಣಪತ್ರ ತೆಗೆದುಕೊಂಡರೆ ಅಲ್ಲಿ ವಂತಿಗೆ ಕಟ್ಟಬೇಕಿಲ್ಲ. ಹೋದ ಮೇಲೆ ನೋಡಿಕೊಳ್ಳೋಣ ಎಂದರೆ ಅಲ್ಲಿನ ಸಂಬಳದ ಚೀಟಿಯಲ್ಲಿ ಕಡಿತ ಆಗಿಹೋಗಿರುತ್ತದೆ.

ಮೈಸೂರಿಗೆ ಬಂದ ಕೂಡಲೇ ಹೆಪ್ಪುಗಟ್ಟುವ ಪಿಂಚಣಿ

ಬ್ರಿಟನ್ನಿನ ಏರಿಕೆ ನಿಯಮಕ್ಕೆ ಮೂರು ಬೀಗದ ಹೆಸರು. ಬೆಲೆ ಏರಿಕೆ, ಸಂಬಳ ಏರಿಕೆ, ಶೇ 2.5, ಈ ಮೂರರಲ್ಲಿ ಯಾವುದು ದೊಡ್ಡದೋ ಅಷ್ಟು ಪ್ರತಿ ಏಪ್ರಿಲ್‌ನಲ್ಲಿ ಏರುತ್ತದೆ. 2024ರಲ್ಲಿ ಶೇ 8.5, 2025ರಲ್ಲಿ ಶೇ 4.1. ಪೂರ್ಣ ಪಿಂಚಣಿಗೆ 35 ವರ್ಷದ ವಂತಿಗೆ, ಕನಿಷ್ಠ 10. 2025–26ರ ಪೂರ್ಣ ದರ ವಾರಕ್ಕೆ 230.25 ಪೌಂಡ್.

ಆದರೆ ಈ ಏರಿಕೆ ಎಲ್ಲ ದೇಶದಲ್ಲಿರುವವರಿಗೂ ಇಲ್ಲ. ಬ್ರಿಟನ್ನಿನಲ್ಲಿ ದುಡಿದು ಪಿಂಚಣಿ ಹಿಡಿದುಕೊಂಡು ಮೈಸೂರಿಗೆ ಬಂದು ನೆಲೆಸಿದವರಿಗೆ ಮೊದಲ ದಿನದ ಮೊತ್ತವೇ ಕೊನೆಯವರೆಗೆ. ಭಾರತ, ಕೆನಡಾ, ಆಸ್ಟ್ರೇಲಿಯಾದಲ್ಲಿ ಇರುವವರಿಗೆ ಹೀಗೆ. ಅಮೆರಿಕ, ಫಿಲಿಪ್ಪೀನ್ಸ್‌ನಲ್ಲಿ ಇರುವವರಿಗೆ ಏರುತ್ತದೆ. ತರ್ಕ ಹುಡುಕಬೇಡಿ, ಹಳೆಯ ಒಪ್ಪಂದಗಳ ಉಳಿಕೆ ಇದು. ಒಂದೇ ಕಾರ್ಖಾನೆಯಲ್ಲಿ ಒಂದೇ ವಂತಿಗೆ ಕಟ್ಟಿದ ಇಬ್ಬರಲ್ಲಿ ಒಬ್ಬ ಬರ್ಮಿಂಗ್‌ಹ್ಯಾಮಿನಲ್ಲಿ ಉಳಿದು ಇನ್ನೊಬ್ಬ ಊರಿಗೆ ಬಂದರೆ, ಹದಿನೈದು ವರ್ಷದಲ್ಲಿ ವರ್ಷಕ್ಕೆ ಶೇ 2.5ರಂತೆಯೇ ಏರಿದರೂ, ಊರಿಗೆ ಬಂದವನ ನೂರರ ಎದುರು ಉಳಿದವನದ್ದು 145 ಆಗಿರುತ್ತದೆ. ಅಜ್ಜಿಯ ಇನ್ನೂರರ ಕತೆಯೇ ಪೌಂಡಿನಲ್ಲಿ.

ಬದುಕಿದ್ದಕ್ಕೆ, ಬಡವರಾಗಿದ್ದಕ್ಕೆ

ನೆದರ್ಲೆಂಡ್ಸ್‌ನ ಎಒಡಬ್ಲ್ಯು ಎಂಬ ಪಿಂಚಣಿಗೆ ಕೆಲಸ ಮಾಡಿರಲೇಬೇಕೆಂದಿಲ್ಲ. ಪಿಂಚಣಿ ವಯಸ್ಸಿಗೆ ಹಿಂದಿನ 50 ವರ್ಷಗಳಲ್ಲಿ ಅಲ್ಲಿ ವಾಸವಿದ್ದ ಪ್ರತಿ ವರ್ಷಕ್ಕೆ ಪೂರ್ಣ ಮೊತ್ತದ ಶೇ 2. ಹನ್ನೆರಡು ವರ್ಷ ಇದ್ದವರಿಗೆ ಶೇ 24. ಗಂಡ ದುಡಿದು ಹೆಂಡತಿ ಮನೆ ನೋಡಿಕೊಂಡಿದ್ದರೂ ಇಬ್ಬರಿಗೂ ಅವರವರ ಹೆಸರಿನಲ್ಲೇ ಪಿಂಚಣಿ. ಕೆನಡಾದ್ದೂ ಇದೇ ದಾರಿ: 18ರ ನಂತರ 40 ವರ್ಷ ವಾಸವಿದ್ದರೆ ಪೂರ್ತಿ, ಕನಿಷ್ಠ 10. ಆದರೆ ದೇಶ ಬಿಟ್ಟ ಮೇಲೂ ಬೇಕೆಂದರೆ 20 ವರ್ಷ ಇದ್ದಿರಬೇಕು. ಮಕ್ಕಳ ಹತ್ತಿರ ಟೊರೊಂಟೊಗೆ ಹೋಗಿ ಹತ್ತು ವರ್ಷ ಕಳೆದು ಪಿಂಚಣಿ ಮಾಡಿಸಿಕೊಂಡ ಅಪ್ಪ ಅಮ್ಮ ‘ಇನ್ನು ಊರಲ್ಲೇ ಇರ್ತೀವಿ’ ಎಂದು ಬಂದು ಆರು ತಿಂಗಳ ಮೇಲೆ ಉಳಿದಾಗ ಹಣ ನಿಲ್ಲುವುದು ಇದರಿಂದ. ಭಾರತ–ಕೆನಡಾ ಒಪ್ಪಂದ 2015ರ ಆಗಸ್ಟಿನಿಂದ ಇದೆ. ಅದು ಸಹಾಯಕ್ಕೆ ಬರುವುದು ಇಲ್ಲಿ ಭವಿಷ್ಯ ನಿಧಿಯಂಥ ಯೋಜನೆಯಲ್ಲಿ ವರ್ಷಗಳಿದ್ದವರಿಗೆ. ಜಮೀನು ನೋಡಿಕೊಂಡಿದ್ದವರಿಗೆ ಅಲ್ಲ.

ಮೂರನೆಯ ದಾರಿ, ಬಡತನ ನೋಡಿ ಕೊಡುವುದು. ಆಸ್ಟ್ರೇಲಿಯಾದ್ದೂ ಇದೇ, ನಮ್ಮದೂ ಇದೇ. ವ್ಯತ್ಯಾಸ ಗೆರೆ ಎಳೆಯುವ ರೀತಿಯಲ್ಲಿದೆ. ನಮ್ಮಲ್ಲಿ ಆದಾಯ ಮಿತಿಯೊಂದು ಬಂಡೆಯ ಅಂಚು: ಮಿತಿಯೊಳಗಿದ್ದರೆ 1,200, ಒಂದು ರೂಪಾಯಿ ದಾಟಿದರೆ ಸೊನ್ನೆ. ಅದಕ್ಕೇ ಆದಾಯ ಪ್ರಮಾಣಪತ್ರದಲ್ಲಿ ಯಾರ ಆದಾಯವೂ ಮಿತಿ ದಾಟುವುದಿಲ್ಲ. ನಿಯಮವೇ ಸುಳ್ಳು ಹೇಳಿಸುತ್ತದೆ. ಆಸ್ಟ್ರೇಲಿಯಾದ್ದು ಇಳಿಜಾರು. ಬಿಟ್ಟುಕೊಟ್ಟ ಮಿತಿಯ ಮೇಲೆ ಒಬ್ಬಂಟಿ ಹಿರಿಯರು ಗಳಿಸಿದ ಪ್ರತಿ ಡಾಲರಿಗೆ 50 ಸೆಂಟ್ ಪಿಂಚಣಿ ಕಡಿಮೆಯಾಗುತ್ತದೆ. ಆಸ್ತಿಯಾದರೆ ಮಿತಿ ದಾಟಿದ ಪ್ರತಿ 1,000 ಡಾಲರಿಗೆ ಎರಡು ವಾರಕ್ಕೆ 3 ಡಾಲರ್ ಕಡಿಮೆ. ವಾಸದ ಮನೆ ಲೆಕ್ಕಕ್ಕಿಲ್ಲ. ಎರಡೂ ಪರೀಕ್ಷೆ ಮಾಡಿ, ಯಾವುದರಲ್ಲಿ ಪಿಂಚಣಿ ಕಡಿಮೆ ಬರುತ್ತದೋ ಅದನ್ನು ಕೊಡುತ್ತಾರೆ. ಇಲ್ಲೂ ಜನ ಆಟ ಆಡುತ್ತಾರೆ: ಬ್ಯಾಂಕಿನ ಹಣ ತೆಗೆದು ಮನೆ ದೊಡ್ಡದು ಮಾಡಿಕೊಳ್ಳುತ್ತಾರೆ. ವಯಸ್ಸು 67. ಮೊತ್ತ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಏರುತ್ತದೆ. ನಮ್ಮ ತುಟ್ಟಿಭತ್ಯೆಯ ಹಾಗೆಯೇ, ಆದರೆ ಬಡ ಮುದುಕರಿಗೆ.

ನೇಪಾಳಕ್ಕೆ ಇಂಥ ಸೂತ್ರ ಯಾವುದೂ ಇಲ್ಲ ಎಂಬುದನ್ನು ಗಮನಿಸಬೇಕು. ಅಲ್ಲಿ ಏರಿದ್ದೆಲ್ಲ ಬಜೆಟ್ಟಿನ ಘೋಷಣೆಯಿಂದಲೇ. ಆದರೂ ನಲವತ್ತು ಪಟ್ಟು ಏರಿತು, ಯಾಕೆಂದರೆ ಬೇರೆ ಸರ್ಕಾರಿ ಪಿಂಚಣಿ ಇಲ್ಲದ ಪ್ರತಿ ಮನೆಯ ಹಿರಿಯರಿಗೂ ಅದು ಸಲ್ಲುತ್ತದೆ. ಎಲ್ಲ ಮನೆಯಲ್ಲೂ ಮತವಿದೆ. ಬಡತನ ರೇಖೆಯ ಕೆಳಗಿನ ಪಟ್ಟಿಯಲ್ಲಿ ಮಾತ್ರ ಇರುವ ಯೋಜನೆಗೆ ದನಿ ಎತ್ತುವವರು ಕಡಿಮೆ. ಬಡವರಿಗೆಂದೇ ಮಾಡಿದ್ದು ಬಡವಾಗಿಯೇ ಉಳಿಯುತ್ತದೆ.

ನಮ್ಮ ನಿಮ್ಮ ಖಾತೆ

ಚಿಲಿ 1981ರಲ್ಲಿ ಇದೆಲ್ಲದರ ಸಹವಾಸವೇ ಬೇಡವೆಂದು, ಸಂಬಳದ ಶೇ 10ನ್ನು ಪ್ರತಿಯೊಬ್ಬನ ಸ್ವಂತ ಖಾತೆಗೆ ಹಾಕಿ ಖಾಸಗಿ ಕಂಪನಿಗಳ ಕೈಗೆ ಕೊಟ್ಟಿತು. ಖಾಯಂ ಕೆಲಸದವರಿಗೆ ಚೆನ್ನಾಗಿಯೇ ಆಯಿತು. ಆರು ತಿಂಗಳು ಕೆಲಸ, ಆರು ತಿಂಗಳು ಖಾಲಿ ಎನ್ನುವವರ ಮತ್ತು ಹೆಂಗಸರ ಖಾತೆ ಬರಿದಾಗಿತ್ತು. ಕೂತು ತಿಂದರೆ ಕುಡಿಕೆ ಹೊನ್ನು ಸಾಲದು. ಇಲ್ಲಿ ಕುಡಿಕೆಯೇ ತುಂಬಿರಲಿಲ್ಲ. 2008ರಲ್ಲಿ ಸರ್ಕಾರವೇ ತೆರಿಗೆ ಹಣದ ಪಿಂಚಣಿ ಸೇರಿಸಬೇಕಾಯಿತು. ಕೋವಿಡ್ ಕಾಲದಲ್ಲಿ ಮೂರು ಸಲ ಶೇ 10ರಂತೆ ತೆಗೆಯಲು ಬಿಟ್ಟಾಗ ಎಷ್ಟೋ ಖಾತೆಗಳು ಸೊನ್ನೆಯಾದವು.

ನಮ್ಮಲ್ಲಿ ಖಾಸಗಿ ನೌಕರರ ಪಿಂಚಣಿ ಎಂದರೆ ಭವಿಷ್ಯ ನಿಧಿಯ ಜೊತೆಗೇ ಬರುವ ನೌಕರರ ಪಿಂಚಣಿ ಯೋಜನೆ, ಇಪಿಎಸ್-95. ಮಾಲೀಕನ ಶೇ 12ರಲ್ಲಿ ಶೇ 8.33 ಇದಕ್ಕೆ ಹೋಗುತ್ತದೆ, ಆದರೆ 15,000 ರೂಪಾಯಿ ಸಂಬಳದ ಮಿತಿಯವರೆಗೆ ಮಾತ್ರ. ಅಂದರೆ ತಿಂಗಳಿಗೆ 1,250. ಸೂತ್ರ: ಸಂಬಳ ಗುಣಿಸು ಸೇವೆಯ ವರ್ಷ, ಭಾಗಿಸು 70. ಲಕ್ಷ ಸಂಬಳದವರಿಗೂ 15,000 ಎಂದೇ ಹಿಡಿದರೆ 35 ವರ್ಷಕ್ಕೆ 7,500. ಈ 15,000ದ ಮಿತಿ 2014ರ ಸೆಪ್ಟೆಂಬರಿನದ್ದು. ಕನಿಷ್ಠ ಪಿಂಚಣಿ 1,000, ಅದೂ 2014ರದ್ದು. ಪಿಂಚಣಿ ಶುರುವಾದ ಮೇಲೆ ಅದಕ್ಕೆ ತುಟ್ಟಿಭತ್ಯೆಯೂ ಇಲ್ಲ. ಅಮೆರಿಕದ ಸಂಬಳ ಮಿತಿ ಪ್ರತಿ ವರ್ಷ ತಾನಾಗಿ ಏರುತ್ತದೆ. 2025ರಲ್ಲಿ ಅದು ವರ್ಷಕ್ಕೆ 1,76,100 ಡಾಲರ್.

ಇಲ್ಲಿ ಜನ ಮಾಡಿಕೊಳ್ಳುವ ದೊಡ್ಡ ತಪ್ಪು, ಕೆಲಸ ಬದಲಿಸಿದಾಗಲೆಲ್ಲ ಪಿಂಚಣಿ ಪಾಲನ್ನು ಫಾರ್ಮ್ 10ಸಿ ಹಾಕಿ ತೆಗೆದುಬಿಡುವುದು. ಹಾಗೆ ತೆಗೆದರೆ ಆ ವರ್ಷಗಳು ಅಳಿಸಿಹೋದವು. 58ಕ್ಕೆ ಪಿಂಚಣಿ ಬರಲು ಕನಿಷ್ಠ 10 ವರ್ಷ ಬೇಕು. ಅದೇ ಫಾರ್ಮಿನಲ್ಲಿ ಹಣದ ಬದಲು ಯೋಜನಾ ಪ್ರಮಾಣಪತ್ರ ಕೇಳಬಹುದು, ಅಥವಾ ಹೊಸ ಕಂಪನಿಗೆ ಖಾತೆ ವರ್ಗಾಯಿಸಿಕೊಳ್ಳಬಹುದು. ಎರಡರಲ್ಲೂ ವರ್ಷಗಳು ಉಳಿಯುತ್ತವೆ.

ಅಟಲ್ ಪಿಂಚಣಿ ಯೋಜನೆಗೆ 25ನೇ ವಯಸ್ಸಿನಲ್ಲಿ ಸೇರಿದವರು ತಿಂಗಳಿಗೆ 376 ರೂಪಾಯಿ ಕಟ್ಟಿದರೆ 60ರಿಂದ 5,000 ಖಾತರಿ. ಗಂಡ ಅಥವಾ ಹೆಂಡತಿ ಹೋದ ಮೇಲೆ ಉಳಿದವರಿಗೂ ಅಷ್ಟೇ ಬರುತ್ತದೆ, ಆಮೇಲೆ ನಾಮಿನಿಗೆ 8.5 ಲಕ್ಷ. ಯೋಜನೆ ಕೆಟ್ಟದ್ದಲ್ಲ. ಆದರೆ ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ, 35 ವರ್ಷದ ನಂತರದ 5,000ಕ್ಕೆ ಇವತ್ತಿನ ಲೆಕ್ಕದಲ್ಲಿ 906 ರೂಪಾಯಿಯ ಬಲ. ಖಾತರಿ ಇರುವುದು ಅಂಕಿಗೆ, ಅದರಿಂದ ಕೊಳ್ಳುವ ಅಕ್ಕಿಗಲ್ಲ.

ಕರಾವಳಿಯಿಂದ ಕೊಲ್ಲಿಗೆ ಹೋದವರಿಗೆ ಇದ್ಯಾವುದೂ ಇಲ್ಲ. ಯುಎಇಯಲ್ಲಿ ಹೊರನಾಡಿನ ನೌಕರರಿಗೆ ಸಿಗುವುದು ಕೆಲಸ ಬಿಡುವಾಗಿನ ಇಡಿಗಂಟು: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. ಲೆಕ್ಕ ಮೂಲ ವೇತನದ ಮೇಲೆ ಮಾತ್ರ; ಕರಾರಿನಲ್ಲಿ ಮೂಲ ವೇತನ ಕಡಿಮೆ, ಭತ್ಯೆ ಹೆಚ್ಚು ಎಂದು ಬರೆಸಿಕೊಂಡಿದ್ದರೆ ಕೊನೆಗೆ ಕೈಗೆ ಬರುವ ಗಂಟು ಸಣ್ಣದು.

ದುಡ್ಡಿದ್ದರೂ ಎತ್ತಿ ಕೂರಿಸುವವರು ಬೇಕು

80 ದಾಟಿ ಹಾಸಿಗೆ ಹಿಡಿದವರಿಗೆ ಪಿಂಚಣಿಗಿಂತ ಹೆಚ್ಚಾಗಿ ಬೇಕಾದ್ದು ಆಳು. ಜಪಾನ್ 2000ದ ಏಪ್ರಿಲ್‌ನಲ್ಲಿ ಇದಕ್ಕೆಂದೇ ಆರೈಕೆ ವಿಮೆ ತಂದಿತು. 40 ದಾಟಿದ ಎಲ್ಲರೂ ವಂತಿಗೆ ಕಟ್ಟಬೇಕು. ಅರ್ಧ ಅದರಿಂದ, ಅರ್ಧ ತೆರಿಗೆಯಿಂದ. ಬೇಕಾದಾಗ ನಗರಸಭೆಗೆ ಅರ್ಜಿ. ಒಬ್ಬರು ಮನೆಗೆ ಬಂದು 74 ಪ್ರಶ್ನೆಗಳ ಪಟ್ಟಿ ತುಂಬುತ್ತಾರೆ: ಮಗ್ಗುಲು ಬದಲಿಸಬಲ್ಲರೇ, ಅಂಗಿ ತೊಟ್ಟು ಬಿಚ್ಚಬಲ್ಲರೇ, ಈಗ ಯಾವ ಋತು ಎಂದು ಹೇಳಬಲ್ಲರೇ. ಜೊತೆಗೆ ವೈದ್ಯರ ಅಭಿಪ್ರಾಯ. ತಿಂಗಳೊಳಗೆ ಏಳು ಹಂತಗಳಲ್ಲಿ ಒಂದನ್ನು ಗೊತ್ತುಮಾಡುತ್ತಾರೆ. ತೀರಾ ಮೇಲಿನ ಹಂತದವರಿಗೆ ತಿಂಗಳಿಗೆ ಸುಮಾರು 3,62,000 ಯೆನ್ ಬೆಲೆಯ ಸೇವೆ. ಕೈಯಿಂದ ಕೊಡಬೇಕಾದ್ದು ಅದರ ಹತ್ತರಲ್ಲೊಂದು, ಆದಾಯ ಹೆಚ್ಚಿದ್ದವರು ಎರಡು ಅಥವಾ ಮೂರು ಪಾಲು. ನಗದು ಕೊಡುವುದಿಲ್ಲ. ಜರ್ಮನಿ ಮನೆಯವರೇ ನೋಡಿಕೊಂಡರೆ ನಗದನ್ನೂ ಕೊಡುತ್ತದೆ, 2025ರ ದರದಲ್ಲಿ ಹಂತಕ್ಕೆ ತಕ್ಕಂತೆ ತಿಂಗಳಿಗೆ 347ರಿಂದ 990 ಯೂರೋ. ನಗದು ಕೊಟ್ಟರೆ ಸೊಸೆಯನ್ನೇ ಮನೆಯಲ್ಲಿ ಕೂರಿಸುತ್ತಾರೆ ಎಂದು ಜಪಾನಿನ ಮಹಿಳಾ ಸಂಘಟನೆಗಳು ಅಡ್ಡ ನಿಂತದ್ದೂ ಅಲ್ಲಿ ನಗದು ಬರದಿರಲು ಒಂದು ಕಾರಣ. ಆ ಮಾತು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಆರೈಕೆ ಮಕ್ಕಳ ಹೆಗಲಿಗೆ. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯ್ದೆ ಇದೆ. ಉಪವಿಭಾಗಾಧಿಕಾರಿಯ ಮುಂದೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟರೂ ಆಯಿತು, ವಕೀಲರ ಅಗತ್ಯವಿಲ್ಲ. ನೋಟಿಸ್ ಹೋದ 90 ದಿನದೊಳಗೆ ತೀರ್ಮಾನವಾಗಬೇಕು. ದಾರಿ ತಿಳಿಯದಿದ್ದರೆ 14567ಕ್ಕೆ ಕರೆ ಮಾಡಬಹುದು. ಆಸ್ತಿ ಬರೆದುಕೊಟ್ಟ ಮೇಲೆ ಹೊರಹಾಕಿದರೆ ದಾನಪತ್ರವನ್ನೇ ರದ್ದು ಮಾಡಲು 23ನೇ ಸೆಕ್ಷನ್ ಇದೆ. ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲಿಯೇ: ಪತ್ರದಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂದಷ್ಟೇ ಬರೆಸಿರುತ್ತಾರೆ. ‘ದಾನ ಪಡೆದವರು ನಮ್ಮ ಜೀವಿತಾವಧಿಯವರೆಗೆ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತು ಪತ್ರದೊಳಗೇ ಇರಬೇಕು. ನೋಂದಣಿಯ ದಿನ ನಾಚಿಕೆಯಿಂದ ಬಿಟ್ಟ ಆ ಸಾಲಿಗೆ ಆಮೇಲೆ ಹತ್ತು ಸಲ ಕಚೇರಿ ಅಲೆಯಬೇಕಾಗುತ್ತದೆ.

ಸಂಧ್ಯಾ ಸುರಕ್ಷಾಕ್ಕೆ ಅರ್ಜಿ ನಾಡಕಚೇರಿಯಲ್ಲಿ. ಮಂಜೂರಾದ ಮೇಲೆ ಹಣ ನಿಲ್ಲಲು ಸಾಮಾನ್ಯ ಕಾರಣ ಬ್ಯಾಂಕ್ ಖಾತೆಯದ್ದು. ಹಣ ಬರುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಮೊಮ್ಮಗ ಬೇರೆ ಯಾವುದೋ ಬ್ಯಾಂಕಿನಲ್ಲಿ ಅಜ್ಜಿಯ ಹೆಸರಿಗೆ ಹೊಸ ಖಾತೆ ತೆರೆಸಿ ಆಧಾರ್ ಕೊಟ್ಟಿದ್ದರೆ ಪಿಂಚಣಿ ಅತ್ತ ಹೊರಳಿರುತ್ತದೆ. ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ‘ನಿಂತುಹೋಯ್ತು’ ಎನ್ನುತ್ತಿರುತ್ತಾರೆ. ತಹಶೀಲ್ದಾರ್ ಕಚೇರಿಗೆ ಓಡುವ ಮುನ್ನ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಆಧಾರ್ ಜಾಲತಾಣದಲ್ಲಿ ನೋಡಿ; ಬೇಕಾದ ಬ್ಯಾಂಕಿನ ಶಾಖೆಯಲ್ಲಿ ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಪಾವತಿ ನಡೆಸುವ ಸಂಸ್ಥೆ) ಜೋಡಣೆಯ ಫಾರ್ಮ್ ಕೊಟ್ಟರೆ ಸರಿಹೋಗುತ್ತದೆ.

2007ರ ಆ ಕಾಯ್ದೆಯ 9ನೇ ಸೆಕ್ಷನ್ನಿನಲ್ಲಿ, ಮಕ್ಕಳು ಕೊಡಬೇಕಾದ ಜೀವನಾಂಶ ತಿಂಗಳಿಗೆ 10,000 ರೂಪಾಯಿ ಮೀರಕೂಡದು ಎಂದಿದೆ. ಈ ಮಿತಿ ತೆಗೆಯಲು 2019ರಲ್ಲಿ ಮಸೂದೆ ಬಂತು, ಅಂಗೀಕಾರವಾಗದೆ ಬಿದ್ದುಹೋಯಿತು. ಮಗ ಎಷ್ಟೇ ದೊಡ್ಡ ಸಂಬಳದವನಾಗಿದ್ದರೂ ಅಪ್ಪ ಅಮ್ಮನಿಗೆ ಉಪವಿಭಾಗಾಧಿಕಾರಿ ಬರೆಯಬಹುದಾದ ಮೊತ್ತ ಅದೇ ಹತ್ತು ಸಾವಿರ.